ಓಪಲಜ್ಜಿ ಮನೆಯ ಗಂಟೆ

ಅಮೆರಿಕದ ನೆಬ್ರಾಸ್ಕದ ನಮ್ಮ ಹಳ್ಳಿಯಲ್ಲಿ ಆಗ ಎಲ್ಲ ಮನೆಗಳಿಗೂ ಟೆಲಿಫೋನ್ ತಂತಿ ಒಂದೇ, ಗಂಟೆಯ ಬಗೆ ಮಾತ್ರ ಬೇರೆ. ಯಾರಿಗೆ ಕರೆ ಬಂದರೂ ಎಲ್ಲರ ಮನೆಯಲ್ಲೂ ಗಂಟೆ ಹೊಡೆದು, ಊರೇ ಎತ್ತಿಕೊಂಡು ಕದ್ದು ಕೇಳುತ್ತಿತ್ತು.

ಓಪಲಜ್ಜಿಯನ್ನು ಮಣ್ಣು ಮಾಡಿದ ಮರುದಿನ, ಅವಳ ಮಗ ಹೇಳಿದನೆಂದು ನಾನೇ ಅವಳ ಮನೆಯ ಫೋನಿನ ತಂತಿ ಕತ್ತರಿಸಿ, ಫೋನನ್ನು ತಂದು ನಮ್ಮ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಬ್ರೆಡ್ಡು ಬೇಯಲು ಇಟ್ಟಿದ್ದೆನಷ್ಟೇ, ಗೋಡೆಯ ಮೇಲಿನ ನಮ್ಮ ಫೋನು ಹೊಡೆದುಕೊಂಡಿತು. ಒಂದು ಉದ್ದ, ಎರಡು ಗಿಡ್ಡ. ಅದು ಓಪಲಜ್ಜಿ ಮನೆಯ ಗಂಟೆ.

ಅಭ್ಯಾಸಬಲ, ಎತ್ತಿಬಿಟ್ಟೆ. ಟಕ್, ಟಕ್ ಎಂದು ಊರೆಲ್ಲ ಎತ್ತಿಕೊಂಡಿತು. ನನ್ನ ಕಿವಿ ಮಂಜುಗಡ್ಡೆಯಾಯಿತು.

“ಕದ್ದು ಕೇಳೋಕೆ ಎಲ್ರೂ ಬಂದ್ರಾ?” ಓಪಲಜ್ಜಿಯದೇ ಗೊಗ್ಗರು ದನಿ. ಆಮೇಲೆ ನನ್ನ ಹೆಸರು ಹಿಡಿದೇ ಕರೆದಳು. “ವರ್ನಾ, ನಾನೆಲ್ಲಿದ್ದೀನೇ? ಬ್ರೆಡ್ಡಿನ ವಾಸನೆ ಬರ್ತಿದೆ.”

ತಿರುಗಿ ನೋಡಿದೆ. ಅವಳ ಫೋನಿನ ರಿಸೀವರು ಕೊಕ್ಕೆಯಿಂದಿಳಿದು ಮೇಜಿನಂಚಿನಲ್ಲಿ ತೂಗಾಡುತ್ತಿತ್ತು.