ಎಡಗೈಯ ಹೊಲಿಗೆ

"ಇನ್ನೂ ಮಂಡಿಯೂರಿಕೊಂಡೇ ಇದ್ದೀಯಾ, ಒರ್ನೆಲ್ಲಾ?"

ಏಳು ವರ್ಷಗಳ ಮೇಲೆ ಕೇಳಿದ ಆ ದನಿಗೆ ಅವಳ ಬಾಯಲ್ಲಿದ್ದ ಗುಂಡುಸೂಜಿ ತುಟಿಗೆ ಚುಚ್ಚಿತು. ಅವಳು ತಲೆಯೆತ್ತಲಿಲ್ಲ. ಈ ಮನುಷ್ಯನ ಮುಂದೆ ಅಳುವುದಕ್ಕಿಂತ ಸೂಜಿ ನುಂಗುವುದೇ ಮೇಲು!

ಮಿಲಾನಿನ ಓರ್ಸೆನಿಗೊ ಮನೆತನದ ಮಳಿಗೆಯಲ್ಲಿ, ಎತ್ತರದ ಕನ್ನಡಿಗಳ ನಡುವೆ, ಲುದೊವಿಕಾ ಮದುವೆಯ ಬಿಳಿ ಗೌನು ತೊಟ್ಟು ನಿಂತಿದ್ದಳು. ಅವಳ ಕಾಲ ಬಳಿ ಹೊಲಿಗೆಯ ಒರ್ನೆಲ್ಲಾ. ಮೂಲೆಯ ಕುರ್ಚಿಯಲ್ಲಿ ಮನೆತನದ ಯಜಮಾನಿ, ಸಿನ್ಯೋರಾ ಎರ್ಸಿಲಿಯಾ. ಬಾಗಿಲಲ್ಲಿ ಅವಳ ಮಗ ಕೊರ್ರಾದೊ. ಪ್ಯಾರಿಸಿನ ಮಳಿಗೆ ನೋಡಿಕೊಂಡಿದ್ದವನು ಮದುವೆಗೆಂದು ಮರಳಿದ್ದ.

"ಅಯ್ಯೋ, ಹೊರಗೆ ನಡಿಯೋ! ಮದುಮಗ ಗೌನು ನೋಡಿದ್ರೆ ಅಪಶಕುನ!" ಲುದೊವಿಕಾ ಚೀರಿದಳು.

"ನಂಗೆ ಆಗಬೇಕಾದ ಅಪಶಕುನ ಏಳು ವರ್ಷದ ಹಿಂದೇ ಆಗಿಹೋಯ್ತು. ರೈಲ್ವೆ ಸ್ಟೇಷನ್ನಲ್ಲಿ."

ಸಿನ್ಯೋರಾಳ ಕೈಯಲ್ಲಿದ್ದ ಕಾಫಿ ಲೋಟ ಒಂದು ಕ್ಷಣ ನಿಂತಿತು. ಮದುಮಗ ಗೌನು ನೋಡಬಾರದೆಂಬ ಪದ್ಧತಿಯನ್ನು ನಂಬಿ, ಮಗ ಇತ್ತ ಬರುವುದಿಲ್ಲವೆಂದೇ ಅವಳು ಒರ್ನೆಲ್ಲಾಳನ್ನು ಇವತ್ತು ಮೂರನೇ ಮಹಡಿಯಿಂದ ಕೆಳಗಿಳಿಸಿದ್ದಳು. ಹಿರಿಯ ಹೊಲಿಗೆಯವಳಿಗೆ ಜ್ವರ. ಈ ರೇಷ್ಮೆಯ ಅಂಚು ಹಿಡಿಯಲು ಬೇರೆ ಯಾರ ಕೈಗೂ ಬರುತ್ತಿರಲಿಲ್ಲ.

"ಕಟ್ಟಿಕೊಂಡ ಆ ದರ್ಜಿ ಕೈಬಿಟ್ಟನಾ?" ಕೊರ್ರಾದೊ ಹತ್ತಿರ ಬಂದ. "ಅದಕ್ಕೇ ಹಳೇ ಅನ್ನದ ಮನೆಗೆ ಬಂದೆಯಾ?"

ದರ್ಜಿ? ಯಾವ ದರ್ಜಿ? ಮಾಡಿಸಿದ್ದನ್ನೆಲ್ಲ ಮಾಡಿಸಿ, ಈಗ ಗಾಯದ ಮೇಲೆ ಬರೆ ಎಳೆಯಲು ಬಂದಿದ್ದಾನೆ...

ಏಳು ವರ್ಷದ ಹಿಂದೆ, ತ್ರಿಯೆಸ್ತೆ ಊರಿಗೆ ಹೋಗುವ ಬೆಳಗಿನ ಒಂಬತ್ತರ ರೈಲಿಗೆ ಎರಡು ಟಿಕೆಟು ಹಿಡಿದು ಕೊರ್ರಾದೊ ಅವಳಿಗಾಗಿ ಕಾದಿದ್ದ. ಮನೆ, ಹೆಸರು, ಅಮ್ಮ ಎಲ್ಲ ಬಿಟ್ಟು ಹೊರಟಿದ್ದ. ಅವಳು ಬರಲಿಲ್ಲ. ಬೇರೆ ಮಳಿಗೆಯ ದರ್ಜಿಯನ್ನು ಕಟ್ಟಿಕೊಂಡು ಹೋದಳು ಎಂದು ಅಮ್ಮ ಹೇಳಿದಳು. ಅವನು ನಂಬಿದ. ಪೆದ್ದ!

ಅಭ್ಯಾಸಬಲದಿಂದ ಅವನು ಬಗ್ಗಿ ಗೌನಿನ ಅಂಚು ಮಗುಚಿ ನೋಡಿದ. ಅವನ ಮುಖ ಮೆತ್ತಗಾಯಿತು.

"ಈ ಅಂಚಿನ ಹೊಲಿಗೆ ನೋಡು ಲುದೊವಿಕಾ. ಎಡಕ್ಕೆ ವಾಲಿದೆ. ಇದು ಅಮ್ಮ ಹೇಳ್ತಿದ್ದ, ಮೂರನೇ ಮಹಡೀಲಿ ಹೊಲಿಯೋ ನಮ್ಮ ಬೆರ್ಗಮೊ ಊರಿನ ಮುದುಕಿಯ ಕೈ! ಪ್ಯಾರಿಸಿಗೆ ಬರೋ ಬಟ್ಟೆಯಲ್ಲೆಲ್ಲ ಇದನ್ನೇ ಮೊದಲು ನೋಡ್ತಿದ್ದೆ. ಎಷ್ಟು ಸಲ ಕಾಗದ ಬರೆದು ಹೊಗಳಿದೀನಿ! ಅಲ್ವಾ ಅಮ್ಮಾ?"

ಸಿನ್ಯೋರಾ ಲೋಟವನ್ನು ತುಟಿಗಿಟ್ಟಳು.

ಅವನು ಒರ್ನೆಲ್ಲಾಳತ್ತ ತಿರುಗಿದ. "ನೀನು ಇದನ್ನ ಮುಟ್ಟಬೇಡ. ಏಳು, ಆಚೆ ಹೋಗು. ಆ ಅಜ್ಜಿಯನ್ನೇ ಕಳಿಸು."

ಒರ್ನೆಲ್ಲಾ ಏಳಲಿಲ್ಲ. ಎಡಗೈಯಲ್ಲಿ ಸೂಜಿ ಹಿಡಿದು ಅಂಚಿಗೆ ಹಾಕಿದಳು. ಒಂದು ಹೊಲಿಗೆ... ಎರಡು... ಮೂರು... ಎಲ್ಲವೂ ಎಡಕ್ಕೇ ವಾಲಿದವು.

"ನೀನು... ನೀನು ಬಲಗೈಯವಳಲ್ವಾ?" ಅವನು ಹೊಲಿಗೆಗಳ ಮೇಲೆ ಬೆರಳಾಡಿಸಿದ. "ನಿನ್ನ ಹೊಲಿಗೆ ಬಲಕ್ಕೆ ವಾಲ್ತಿತ್ತು. ಪ್ಯಾರಿಸಿಗೆ ಬಂದ ಬಟ್ಟೆಗಳಲ್ಲಿ ಎಷ್ಟು ದಿನ ಅದನ್ನೇ ಹುಡುಕಿದೆ ನಾನು!"

ಅವಳು ಏಪ್ರನ್ನಿನ ಜೇಬಿನಿಂದ ಬಲಗೈ ತೆಗೆದು ಚಾಚಿದಳು. ಅಂಗೈ ತುಂಬ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು. ಬೆರಳುಗಳು ಮುದುಡಿ ಅಂಟಿಕೊಂಡಿದ್ದವು.

"ಯಾರು...? ಯಾರು ಮಾಡಿದ್ದು ಇದನ್ನ?"

"ಏನು ನಾಟಕ, ಸಿನ್ಯೋರ್! ಅವತ್ತು ಬೆಳಿಗ್ಗೆ ನೀವೇ ಹೇಳಿದ್ರಂತಲ್ಲ... 'ಅವಳು ಸ್ಟೇಷನ್ನಿಗೆ ಬರದ ಹಾಗೆ ನೋಡ್ಕೋ ಅಮ್ಮಾ' ಅಂತ. ಚೆನ್ನಾಗೇ ನೋಡ್ಕೊಂಡ್ರು."

ಕೊರ್ರಾದೊ ಅಮ್ಮನತ್ತ ನೋಡಿದ. ಸಿನ್ಯೋರಾ ಎರ್ಸಿಲಿಯಾ ಲೋಟವನ್ನು ತಟ್ಟೆಗಿಟ್ಟಳು. ಒಂದು ಚೂರೂ ಸದ್ದಾಗಲಿಲ್ಲ.

"ಇಸ್ತ್ರಿ ಕಾದಿತ್ತು. ಇವಳ ಕೈ ಮೇಜಿನ ಮೇಲಿತ್ತು. ನಾನು ನನ್ನ ಮನೆ ಉಳಿಸ್ಕೊಂಡೆ. ಆಮೇಲೆ ಅನ್ನ ಹಾಕಿದ್ದೂ ನಾನೇ. ಸುಟ್ಟ ಕೈಗೆ ಈ ಊರಲ್ಲಿ ಯಾರು ಕೆಲಸ ಕೊಡ್ತಿದ್ರು?"

"ನೀನು ಹೆತ್ತ ತಾಯಿನಾ? ರಾಕ್ಷಸಿ!"

"ಆಗಲಿ, ರಾಕ್ಷಸಿನೇ. ನೀನು ಯಾವ ದೇವರು?" ಅವಳು ನಕ್ಕಳು. "ವರ್ಷಕ್ಕೆ ಎರಡು ಸಲ ಈ ಮನೆಗೆ ಬರ್ತಿದ್ದೆ. ಮುದುಕಿ, ಮುದುಕಿ ಅಂತ ಹೊಗಳಿದ್ದೇ ಹೊಗಳಿದ್ದು. ಒಂದು ಸಲನಾದ್ರೂ ಮೇಲೆ ಹತ್ತಿ ಅವಳ ಮುಖ ನೋಡಿದ್ಯಾ? ನಾನು ಬಾಗಿಲಿಗೆ ಬೀಗ ಹಾಕಿರಲಿಲ್ಲ ಮಗನೇ."

ಅಮ್ಮ ಮಾಡಿದ ಅಷ್ಟೂ ಕ್ರೌರ್ಯದಲ್ಲಿ ಈ ಮಾತೇ ಕೊರ್ರಾದೊನನ್ನು ಹೆಚ್ಚು ಸುಟ್ಟಿತು, ಯಾಕೆಂದರೆ ಇದು ಸುಳ್ಳಾಗಿರಲಿಲ್ಲ.

ಲುದೊವಿಕಾ ಪೀಠದಿಂದ ಇಳಿದಳು. ಮುಖ ಬಿಳಿಚಿಕೊಂಡಿತ್ತು. "ಬೆನ್ನ ಹಿಂದಿನ ಗುಂಡಿ ಬಿಚ್ಚು ಒರ್ನೆಲ್ಲಾ. ಈ ಮನೆ ಸೊಸೆ ಆಗೋದು ನನ್ನ ಕೈಲಾಗಲ್ಲ. ಅತ್ತೆ ಇಸ್ತ್ರಿ ಹಾಕ್ತಾರೆ ಅಂತ ಯಾರೂ ಹೇಳಿರಲಿಲ್ಲ ನಂಗೆ."

ಒರ್ನೆಲ್ಲಾ ಒಂದೊಂದೇ ಗುಂಡಿ ಬಿಚ್ಚಿದಳು. ಆಮೇಲೆ ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದಳು.

ಮೇಲೆ ಎಲ್ಲರೂ ಊಟಕ್ಕೆ ಹೋಗಿದ್ದರು. ಅವಳು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ಏದುಸಿರು ಕೇಳಿಸಿತು.

"ಎಷ್ಟು ಮೆಟ್ಟಿಲು?" ತಿರುಗದೆಯೇ ಕೇಳಿದಳು.

"ಅರವತ್ತಾರು."

"ಅರವತ್ತಾರು ಮೆಟ್ಟಿಲಿಗೆ ಏಳು ವರ್ಷ ಬೇಕಾಯ್ತು ನಿಮಗೆ."

"ಹೌದು. ಹುಡುಕೋದಕ್ಕಿಂತ ನಿನ್ನ ಬೈಕೊಂಡು ಕೂರೋದು ಸುಲಭವಾಗಿತ್ತು." ಅವನು ಚಿಂದಿಗಳ ನಡುವೆ ನೆಲಕ್ಕೆ ಕುಸಿದ. "ಕ್ಷಮಿಸು ಅನ್ನಲ್ಲ. ಆ ಮಾತಿಗೆ ಮುಖ ಇಲ್ಲ ನಂಗೆ."

ಅವಳು ತಿರುಗಿದಳು. ಅಷ್ಟು ಹೊತ್ತು ಕಟ್ಟಿಟ್ಟ ಅಳು ಈಗ ನುಗ್ಗಿ ಬಂತು. ಇವನು ಹೇಳಿಸಿರಲಿಲ್ಲ... ಅವತ್ತು ಇವನು ನಿಜಕ್ಕೂ ಕಾದಿದ್ದ! ತಾನಾದರೂ ಒಂದು ಕಾಗದ ಬರೆದು ಕೇಳಿದ್ದರೆ?

"ನಾನೂ ಅವರ ಮಾತನ್ನೇ ನಂಬಿದೆ," ಎಂದಳು. "ಈಗ ಮಂಡಿಯೂರಿದವನು ನೀನು, ಕೊರ್ರಾದೊ."

'ನೀನು' ಎಂದಿದ್ದಳು! ಅವನು ತಲೆಯೆತ್ತಿದ.

"ಒಂಬತ್ತರ ತ್ರಿಯೆಸ್ತೆ ರೈಲು ಈಗಲೂ ಇದೆಯಾ?"

"ಇದೆ! ನಾಳೆ ಬೆಳಿಗ್ಗೆ ಬೇಗನೇ ಹೋಗಿ ಕಾಯ್ತೀನಿ..."

"ಕಾಯೋದು ಬೇಡ. ಈ ಸಲ ಇಲ್ಲಿಂದಲೇ ಜೊತೆಗೆ ನಡಿ."

ಕೆಳಗೆ ಸಿನ್ಯೋರಾ ಅರೆಬರೆ ಗೌನಿನ ಮುಂದೆ ಒಬ್ಬಳೇ ಕೂತಿದ್ದಳು. "ಇದನ್ನ ಯಾರು ಮುಗಿಸ್ತಾರೆ?"

"ನಿಮಗೆ ಇಸ್ತ್ರಿ ಬರುತ್ತಲ್ಲ ಸಿನ್ಯೋರಾ," ಒರ್ನೆಲ್ಲಾ ನಿಲ್ಲದೆ ಹೇಳಿದಳು. "ಹೊಲಿಗೇನೂ ಕಲೀರಿ."

ಬೀದಿಯಲ್ಲಿ ಬಿಸಿಲಿತ್ತು. ಅವನು ಅವಳ ಎಡಗೈಗೆ ಕೈ ಚಾಚಿದ. ಅವಳು ತುಸು ತಡೆದು, ಆಚೆ ಬದಿಗೆ ಬಂದು, ಬಲಗೈ ಕೊಟ್ಟಳು.

"ಇದನ್ನ ಹಿಡ್ಕೋ. ಇದಕ್ಕೆ ಮುಟ್ಟಿದ್ದು ಅಷ್ಟಾಗಿ ಗೊತ್ತಾಗಲ್ಲ..."

"ಗೊತ್ತಾಗೋವರೆಗೂ ಬಿಡಲ್ಲ."

"ಜನ್ಮ ಪೂರ್ತಿ ಗೊತ್ತಾಗದೇ ಇದ್ರೆ?"

"ಜನ್ಮ ಪೂರ್ತಿ ಹಿಡಿದಿರ್ತೀನಿ ಕಣೇ, ನನ್ನ ಬೆರ್ಗಮೊದ ಮುದುಕಿ."