ಮಂಜು ಒರೆಸಿದವನು

"ಏನ್ರೀ ಮಾಡ್ಬಿಟ್ರಿ ಇದನ್ನ?"

ಸರಸ್ವತಿಪುರಂನ ಕನ್ನಡಕದಂಗಡಿಯ ಮೇಜಿನ ಮೇಲೆ ಲಹರಿ ಆ ದುಂಡು ಗಾಜನ್ನು ಕುಕ್ಕಿದಳು.

ವಿಜಯ್‌ಕುಮಾರ್ ತಲೆಯೆತ್ತಿದ. ಕ್ಯಾಮೆರಾ ಲೆನ್ಸಿಗೆ ಕಚ್ಚಿಕೊಂಡಿದ್ದ ಫಿಲ್ಟರನ್ನು ಬಿಡಿಸಿಕೊಡಿ ಎಂದು ಅವಳು ನಿನ್ನೆ ತಂದುಕೊಟ್ಟಿದ್ದಳು. ಬಿಡಿಸಿದ್ದ. ಅಷ್ಟಕ್ಕೇ ಬಿಡದೆ ಪಾಲಿಷ್ ಚಕ್ರಕ್ಕೂ ಹಿಡಿದಿದ್ದ.

"ಮಂಜುಮಂಜಾಗಿತ್ತು. ಎರಡು ಗಂಟೆ ಉಜ್ಜಿದೀನಿ. ಈಗ ನೀರಂಗದೆ."

"ಆ ಮಂಜೇ ಬೇಕಾಗಿತ್ತು ಕಣ್ರೀ ನಂಗೆ..."

ದೊಡ್ಡ ನಕ್ಷತ್ರಗಳ ಬೆಳಕನ್ನು ಅರಳಿಸಿ ಬಣ್ಣ ತೋರಿಸುವುದೇ ಆ ಮಂಜು. ಅದಿಲ್ಲದಿದ್ದರೆ ಫೋಟೋದಲ್ಲಿ ಆಕಾಶವೆಂದರೆ ಚೆಲ್ಲಿದ ರವೆ. ಇವತ್ತು ಅಮಾವಾಸ್ಯೆ. ನಾಳೆ ಮಧ್ಯಾಹ್ನದೊಳಗೆ ಅವಳ ಮೊದಲ ಪ್ರದರ್ಶನಕ್ಕೆ ಚಿತ್ರ ಕೊಡಬೇಕು.

"ಮಂಜಿನ ಫಿಲ್ಟರ್ ಅಂತ ಅಂಚಲ್ಲೇ ಬರೆದಿತ್ತಲ್ಲ. ಓದಕ್ಕೂ ಬರಲ್ವಾ?"

ಅವನ ಮುಖ ಕೆಂಪಾಯಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ಎಂದು ಅವಳಿಗೆ ಗೊತ್ತಿತ್ತು. ಛೆ, ಯಾಕಂದೆ... ಕೋಪ ಮಾತ್ರ ಇಳಿಯಲಿಲ್ಲ.

ಅಂಗಡಿ ಯಜಮಾನ ಶಾಮಣ್ಣ ಪೇಪರಿನ ಹಿಂದಿನಿಂದ ಅಂದ, "ನನ್ ಗಿರಾಕಿಗಳ ಕನ್ನಡಕನ ಬಟ್ಟೇಲೂ ಒರ್ಸಲ್ಲ ಕಣಮ್ಮ ಇವ್ನು. ನಿಂದನ್ನ ಎರಡು ಗಂಟೆ ಉಜ್ಜವ್ನೆ."

ವಿಜಯ್ ಬೈಕಿನ ಕೀಲಿ ತೆಗೆದುಕೊಂಡ. "ನಡೀರಿ. ಕೆಡಿಸ್ದೋನು ನಾನು, ನಾನೇ ಸರಿ ಮಾಡ್ತೀನಿ."

ರಾತ್ರಿ ಎಂಟೂವರೆಗೆ ಮಂಡಕಳ್ಳಿ ದಾಟಿದ ಮೇಲಿನ ಬಯಲು. ದಕ್ಷಿಣದಲ್ಲಿ ಚೇಳಿನಾಕಾರದ ವೃಶ್ಚಿಕ ಏರಿತ್ತು. ಲಹರಿ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ ಫಿಲ್ಟರ್ ಹಾಕಿದಳು. ಅವನು ಬಗ್ಗಿ, ಕನ್ನಡಕ ಒರೆಸುವ ಮುಂಚೆ ಮಾಡುವಂತೆ, ಫಿಲ್ಟರಿನ ಮೇಲೆ ಉಸಿರು ಬಿಟ್ಟು ಮಂಜು ಕೂರಿಸಿದ.

"ಒತ್ತಿ, ಬೇಗ."

ಚಿತ್ರ ನೋಡಿ ಅವಳು ಹಣೆ ಹಿಡಿದುಕೊಂಡಳು. "ಮೊಸರು ಬಳಿದಂಗಿದೆ."

ಎರಡನೆಯದರಲ್ಲಿ ಅವಳು ಒತ್ತುವ ಮೊದಲೇ ಮಂಜು ಆರಿಹೋಯಿತು. ಐದನೆಯದಕ್ಕೆ ಅವನು ಕೆಮ್ಮಿದ. ತಾಳಲಾರದೆ ಅವಳೇ ಬಗ್ಗಿದಳು.

"ಊದಬೇಡ್ರೀ, ಕಾಫಿ ಅಲ್ಲ ಅದು. ಮೆಲ್ಲಗೆ 'ಹಾ' ಅನ್ಬೇಕು," ಎಂದ ವಿಜಯ್.

"ನಂಗೆ ಹೇಳ್ಕೊಡ್ತೀರಾ?"

"ಮತ್ತಿನ್ಯಾರು ಹೇಳ್ಕೊಡೋದು?"

ಹನ್ನೊಂದನೆಯ ಸಲ ಅವನ ಉಸಿರು ತೆಳ್ಳಗೆ ಕೂತಿತು. ಕ್ಯಾಮೆರಾದ ತೆರೆಯ ಮೇಲೆ ವೃಶ್ಚಿಕದ ನಡುವೆ ಜ್ಯೇಷ್ಠಾ ನಕ್ಷತ್ರ, ದಾಳಿಂಬೆ ಕಾಳಿನಷ್ಟು ಕೆಂಪಗೆ.

ಲಹರಿ ಚಿತ್ರವನ್ನು ಹಿಗ್ಗಿಸಿ ಇನ್ನೊಮ್ಮೆ ನೋಡಿದಳು.

"ನಾನು ಹಾಗನ್ನಬಾರ್ದಿತ್ತು," ಎಂದಳು.

"ಅನ್ನಬಾರ್ದಿತ್ತು. ಓದಕ್ಕೆ ಬರುತ್ತೆ ನಂಗೆ. ಅಂಚು ನೋಡ್ಲಿಲ್ಲ. ಸಂಜೆ ಬರ್ತೀನಿ ಅಂದಿದ್ರಲ್ಲ... ಅಷ್ಟೊತ್ತಿಗೆ ಹೊಳೀಬೇಕು ಅನ್ನೋದೊಂದೇ ತಲೇಲಿದ್ದಿದ್ದು."

"ಇಷ್ಟ ಆದ್ರೆ ಬಾಯಲ್ಲಿ ಹೇಳ್ಬೇಕು ವಿಜಯ್. ಗಾಜು ಉಜ್ಜೋದಲ್ಲ."

"ಹೇಳಿದ್ರೆ ಬೈತಿದ್ರಿ."

"ಈಗ ಏನು ಮಾಡ್ತಿದೀನಿ?"

ಅವನು ಕತ್ತಲಲ್ಲಿ ನೆಲ ನೋಡಿದ. "ಸರಿ. ಇಷ್ಟ ಕಣ್ರೀ ನೀವಂದ್ರೆ."

ಲಹರಿ ಟ್ರೈಪಾಡಿನ ತಿರುಪು ಬಿಗಿ ಮಾಡಿದಳು. ಬಿಗಿಯಾಗಿದ್ದುದನ್ನೇ ಮತ್ತೊಮ್ಮೆ.

"ಬನ್ನಿ, 'ಹಾ' ಅನ್ನಿ. ಇನ್ನೊಂದು ತೆಗೀಬೇಕು."

"ಅಲ್ರೀ... ಉತ್ತರ?"

"ಹೊಸ ಫಿಲ್ಟರ್ ತಗೊಳ್ಳಲ್ಲ ನಾನು," ಎಂದಳು ಲಹರಿ. "ಸಾಕಾ?"