ಕಮಲಾಪುರದ ಕರೆಂಟು, ಚಂದಮ್ಮನ ಸಿಟ್ಟು

"ಇದನ್ನ ಮಾರಿದವ್ರು ನೀವೇ ಏನ್ರೀ?"

ಚಂದಮ್ಮ ಕಂಪ್ಯೂಟರ್ ಡಬ್ಬಿಯನ್ನು ಕೌಂಟರ್ ಮೇಲೆ ಕುಕ್ಕಿದಳು. ಸುಟ್ಟ ವಾಸನೆ ಅಂಗಡಿಯ ತುಂಬ ಹರಡಿತು.

ಕಾಶಿರಾಯ ತಲೆ ಎತ್ತಿದ. ಕೆಂಡದಂಥ ಎರಡು ಕಣ್ಣುಗಳು ಅವನನ್ನೇ ನೋಡುತ್ತಿದ್ದವು!

"ನಾನೇ ಮಾರಿದ್ದು. ಮೆಲ್ಲಕ ಮಾತಾಡ್ರಿ."

"ಯಾಕ ಮೆಲ್ಲಕ? ನನ್ನ ಅಂಗಡಿ ಮುಳುಗ್ಲಾಕತ್ತದ!"

ಎರಡು ಸಾವಿರದ ನಾಲ್ಕನೇ ಇಸವಿ. ಕಮಲಾಪುರ ಬಸ್‌ಸ್ಟ್ಯಾಂಡಿನ ಎದುರು ಇದ್ದದ್ದು ಒಂದೇ ಡಿಟಿಪಿ ಅಂಗಡಿ, ಅದು ಚಂದಮ್ಮನದು. ಅವಳ ಅಣ್ಣ ಭಾಗಪ್ಪನೇ ಕಲಬುರಗಿಗೆ ಬಂದು, ಶರಣಬಸವೇಶ್ವರ ಗುಡಿಯ ಹತ್ತಿರದ ಈ ಅಂಗಡಿಯಿಂದ ಕಂಪ್ಯೂಟರ್ ಒಯ್ದು ಕೊಟ್ಟಿದ್ದ. ಅದು ಸುಟ್ಟದ್ದೇ ತಡ, ಅದೇ ಅಣ್ಣ ಮಾತು ತಿರುಗಿಸಿದ. "ಸಾಕು ನಿನ್ನ ಆಟ. ನಾಳಿ ಸಂತಿ. ನಿನ್ನ ಟೇಬಲ್ ಹೊರಗ, ನನ್ನ ಗೊಬ್ಬರದ ಅಂಗಡಿ ಒಳಗ!"

ಕಾಶಿರಾಯ ಡಬ್ಬಿಯನ್ನು ಹಿಂದುಮುಂದು ತಿರುಗಿಸಿದ. ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಕರ್ರಗಾಗಿತ್ತು. ಅದರ ಬೆನ್ನಿಗಿದ್ದ ಕೆಂಪು ಗುಂಡಿಯ ಮೇಲೆ ಬೆರಳಿಟ್ಟ.

"ಎರಡುನೂರಾ ಮೂವತ್ತು ವೋಲ್ಟಿಗೆ ಇಟ್ಟು ಕೊಟ್ಟಿದ್ದೆ. ನೂರಾ ಹದಿನೈದಕ್ಕ ಯಾರು ಸರಿಸಿದ್ರು?"

"ನಾನೇ! ಏನೀಗ?"

"ಯಾಕ?"

"ನಮ್ಮೂರಾಗ ಕೆಂಪು ಬಾಳಿ ತೋಟದ ಮೋಟಾರ್ ಎಲ್ಲಾ ಒಮ್ಮೆಲೇ ಚಾಲೂ ಆದ್ರ ಕರೆಂಟು ನೂರಾ ಇಪ್ಪತ್ತಕ್ಕ ಇಳೀತದ. ಮೀಟರ್ ಹಚ್ಚಿ ನೋಡೀನಿ. ಕಂಪ್ಯೂಟರ್ ಗಳಿಗೆಗೊಮ್ಮೆ ಬಂದ್ ಬೀಳ್ತಿತ್ತು. ಗುಂಡಿ ಈ ಕಡಿ ತಂದೆ… ಮಧ್ಯಾಹ್ನದ ತನಕ ಚಂದ ನಡೀತು!"

"ಆಮ್ಯಾಲೆ?"

ಅವಳ ದನಿ ಇಳಿಯಿತು. "ಮೋಟಾರ್ ಬಂದ್ ಆದ್ವು… ಢಂ ಅಂತು."

ಕಾಶಿರಾಯ ನಕ್ಕುಬಿಟ್ಟ. ನಗಬಾರದಿತ್ತು!

"ಪೂರಾ ಕರೆಂಟು ವಾಪಸ್ ಬಂದ್ರ ಸುಡೂದೇ ಮತ್ತ! ಹೊಲ ಮಾಡೋರಿಗೆ ಯಾಕ ಬೇಕ್ರಿ ಕಂಪ್ಯೂಟರ್?"

ಎದೆಗೆ ಬಂದು ಬಡಿಯಿತು ಆ ಮಾತು. ಚಂದಮ್ಮ ಡಬ್ಬಿಯನ್ನು ಅವನತ್ತ ತಳ್ಳಿದಳು.

"ಮಾರೂ ಮುಂದ ನಿಮ್ಮೂರಾಗ ಕರೆಂಟು ಹೆಂಗದ ಅಂತ ಒಂದು ಮಾತು ಕೇಳಿದ್ರೇನು? ಇಟ್ಕೋರಿ ನಿಮ್ಮ ಡಬ್ಬಿ!"

ಹೊರಟೇಹೋದಳು. ಬಸ್ಸಿನಲ್ಲಿ ಕುಳಿತ ಮೇಲೆ ಕಣ್ಣು ತುಂಬಿದವು. ಆ ಕಣ್ಣೀರಿನ ಮೇಲೂ ಅವಳಿಗೆ ಸಿಟ್ಟು! 'ಅಂಥವನ ಮುಂದ ಅಳಲಿಲ್ಲ, ಅಷ್ಟೇ ಪುಣ್ಯ…'

ಇತ್ತ ಕಾಶಿರಾಯ ಸುಟ್ಟ ಎಸ್‌ಎಂಪಿಎಸ್ ಬಿಚ್ಚಿದ. ಮೇಲಿನ ಚೀಟಿಯಲ್ಲಿ ನಾನೂರು ವ್ಯಾಟ್. ಕೈಯಲ್ಲಿ ಹಿಡಿದರೆ ಖಾಲಿ ತಗಡಿನ ಹಾಗೆ ಹಗುರ. ಒಳಗೆ ಅರ್ಧ ಜಾಗ ಬರಿದು!

ಕಂಪ್ಯೂಟರಿನ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಈ ಕಳಪೆ ಮಾಲನ್ನು ಹಾಗೇ ಕೂರಿಸಿದ್ದ. ಎಲ್ಲರೂ ಹೀಗೇ ತಾನೇ ಮಾಡುವುದು? ಪಟ್ಟಣದ ಕರೆಂಟಿಗೆ ನಡೆದರೆ ಸಾಕು, ಹಳ್ಳಿಯವರ ಕಂಪ್ಯೂಟರ್ ಸುಟ್ಟರೆ ಹಳ್ಳಿಯವರದೇ ತಪ್ಪು! ಥೂ!

ಸ್ಕ್ರೂಡ್ರೈವರ್ ಗೋಡೆಗೆ ಬಡಿದು ಬಿತ್ತು. ಈಗ ಅವನ ಸಿಟ್ಟು ಅವನ ಮೇಲೆಯೇ.

ಮರುದಿನ ಕಮಲಾಪುರದ ಸಂತೆ. ಭಾಗಪ್ಪ ಟೇಬಲ್ಲಿನ ಒಂದು ತುದಿ ಎತ್ತಿದ್ದ. ಇನ್ನೊಂದು ತುದಿಯನ್ನು ಚಂದಮ್ಮ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು.

"ಬಿಡ್ತಿಯೋ ಇಲ್ಲೋ?"

"ಬಿಡಂಗಿಲ್ಲಣ್ಣಾ!"

ಆಗಲೇ ಬಾಗಿಲಲ್ಲಿ ಕಾಶಿರಾಯ ನಿಂತ. ಹೆಗಲ ಮೇಲೆ ಅವಳದೇ ಕಂಪ್ಯೂಟರ್.

'ನಗ್ಲಿಕ್ಕೆ ಇಲ್ಲೀತನಕ ಬಂದನೇ?' ಚಂದಮ್ಮನ ಮೈ ಉರಿಯಿತು. "ಹೊಲ ಮಾಡೋರ ಊರಿಗೆ ಯಾಕ ಬಂದ್ರಿ?"

"ತಪ್ಪು ಒಪ್ಪಿಕೊಳ್ಳಾಕ."

"ಏ ಸಾಹುಕಾರ," ಭಾಗಪ್ಪ ಗದರಿದ, "ಮತ್ತ ಸುಡ್ಲಿಕ್ಕೆ ತಂದಿಯೇನು?"

"ಮೊದ್ಲು ಟೇಬಲ್ ಕೆಳಗ ಇಡ್ರಿ! ಇವತ್ತ ಸುಟ್ರ ನಾನೇ ಹೊತ್ತು ಹೊರಗ ಹಾಕ್ತೀನಿ."

ಕಂಪ್ಯೂಟರ್ ಇಟ್ಟ. ಚಂದಮ್ಮ ಅದರ ಬೆನ್ನ ಕಡೆ ಬಗ್ಗಿ ನೋಡಿದಳು. ಹೊಸ ಎಸ್‌ಎಂಪಿಎಸ್.

"ಇದಕ್ಕ ಗುಂಡಿನೇ ಇಲ್ಲಲ್ಲ?"

"ಬೇಕಾಗಿಲ್ಲ. ನೂರರಿಂದ ಎರಡುನೂರಾ ನಲವತ್ತರ ತನಕ ತಾನೇ ಹೊಂದಿಸ್ಕೋತದ. ಮೊದ್ಲೇ ಇದನ್ನ ಕೊಡಬೇಕಿತ್ತು… ನಿಮ್ಮ ಕರೆಂಟಿನ ಬಗ್ಗೆ ಕೇಳಬೇಕಿತ್ತು."

ತೋಟಗಳಲ್ಲಿ ಮೋಟಾರುಗಳು ಚಾಲೂ ಆದವು. ಫ್ಯಾನು ತೆವಳಿತು, ಬಲ್ಬು ಕೆಂಪಗಾಯಿತು. ಕಂಪ್ಯೂಟರ್ ನಿಲ್ಲಲಿಲ್ಲ. ಭಾಗಪ್ಪ ನಕ್ಕ. "ಢಂ ಅನ್ನೂದು ಇನ್ನೂ ಮುಂದದ."

ಮೂವರೂ ಕಾದರು. ಮಧ್ಯಾಹ್ನ ಮೋಟಾರುಗಳು ನಿಂತವು. ಬಲ್ಬು ಫಕ್ಕನೆ ಉರಿಯಿತು!

ಚಂದಮ್ಮ ಕಣ್ಣು ಮುಚ್ಚಿ, ಸಿಕ್ಕಿದ್ದನ್ನು ಹಿಡಿದುಕೊಂಡಳು.

ಸದ್ದಿಲ್ಲ… ಕಣ್ಣು ತೆರೆದರೆ ಪರದೆ ಹಾಗೇ ಬೆಳಗುತ್ತಿತ್ತು!

"ಉಳೀತು ನಿನ್ನ ಅಂಗಡಿ," ಭಾಗಪ್ಪ ಗೊಣಗುತ್ತ ಎದ್ದ. "ಇನ್ನಾದ್ರೂ ಅವನ ಕೈ ಬಿಡವ್ವಾ, ಸಂತಿ ಮಂದಿ ನೋಡ್ಲಾಕತ್ತಾರ."

ಅವನು ಹೋದ. ಅವಳು ಕೈ ಬಿಟ್ಟಳು. ಕಾಶಿರಾಯ ಬಿಡಲಿಲ್ಲ.

"ನಿಮ್ಮಂಗ ನನ್ನ ಯಾರೂ ಬೈದಿಲ್ಲ, ಚಂದಮ್ಮ… ಜೀವನ ಪೂರ್ತಿ ಬೈಸ್ಕೊಳ್ಳಾಕ ತಯಾರದೀನಿ."

ಅವಳ ಎದೆ ಡವಡವ ಬಡಿಯಿತು. ಆದರೂ ಹುಬ್ಬು ಗಂಟಿಕ್ಕಿದಳು.

"ಕಲಬುರಗಿಗಿ ಬರಂಗಿಲ್ಲ ನಾನು. ಈ ಅಂಗಡಿ ಬಿಡಂಗಿಲ್ಲ."

"ಬಿಡು ಅಂದವ್ರು ಯಾರು? ನಾನೇ ಬರ್ತೀನಿ."

"ಹಂಗಾದ್ರ ನಡೀರಿ, ನಮ್ಮವ್ವನ ಮುಂದ ಕೇಳ್ರಿ."

"ಈಗಲೇ?"

"ಮತ್ತ? ನನ್ನ ಸಿಟ್ಟು ಇಳಿಯೂದ್ರಾಗ ಕೇಳ್ಬೇಕು… ಇಳಿದ ಮ್ಯಾಲೆ ನನಗ ನಾಚಿಕಿ ಬರ್ತದ!"